ಸೋಬಾನೆ ಸಾರ್ವಭೌಮನ ವೀಳ್ಯ

ಹುಣಸೂರಿನ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಜೆರಾಕ್ಸು, ಲ್ಯಾಮಿನೇಷನ್ನು, ಮದುವೆ ಪತ್ರಿಕೆ, ಫ್ಲೆಕ್ಸ್ ಡಿಸೈನು ಎಲ್ಲ ಮಾಡುತ್ತೇನೆ. ಆದರೆ ಈ ಕಡೆಯ ದೊಡ್ಡ ಮನುಷ್ಯರಿಗೆ ನಾನು ಪರಿಚಯವಾಗಿರುವುದು ಬೇರೊಂದು ಕೆಲಸಕ್ಕೆ. ನನ್ನ ಕಂಪ್ಯೂಟರಿನಲ್ಲಿ ‘ಬಿರುದು’ ಅಂತ ಒಂದು ಫೋಲ್ಡರ್ ಇದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ರತ್ನ, ಭೂಷಣ, ಕೇಸರಿ, ಚೇತನ ಆದವರಲ್ಲಿ ಬಹಳ ಮಂದಿ ಆ ಫೋಲ್ಡರಿನೊಳಗಿಂದ ಎದ್ದು ಹೋದವರೇ.

ಹಿಂದೆ ಅರಮನೆಯವರು ತಾವಾಗಿಯೇ ಕರೆದು ಬಿರುದು ಕೊಡುತ್ತಿದ್ದರಂತೆ. ಕೆರೆ ಕಟ್ಟಿಸಿದವನನ್ನೋ ಆನೆ ಪಳಗಿಸಿದವನನ್ನೋ ದರ್ಬಾರಿಗೆ ಕರೆಸಿ, ಪೇಟ ಸುತ್ತಿ, ಶಾಲು ಹೊದಿಸಿ ಕಳಿಸುತ್ತಿದ್ದರಂತೆ. ಬ್ರಿಟಿಷರ ಕಾಲಕ್ಕೆ ರಾಯಬಹದ್ದೂರ್, ಸರ್ ಅಂತೆಲ್ಲ ಬಂತು. ಅದಕ್ಕೂ ಹಿಂಬಾಗಿಲಲ್ಲಿ ಓಡಾಡಿದವರು ಇದ್ದೇ ಇರುತ್ತಾರೆ ಎಂದು ನನ್ನ ಅನುಮಾನ. ಈಗಂತೂ ಯಾರೂ ಕರೆಯುವುದಿಲ್ಲ. ನಾನು ದೊಡ್ಡವನು ಎಂದು ನಾವೇ ಅರ್ಜಿ ಹಾಕಬೇಕು, ಮೂರು ಪ್ರತಿಗಳಲ್ಲಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ.

ಆ ಕಡತದಲ್ಲಿ ಮೊದಲು ಸ್ವವಿವರ. ಆಮೇಲೆ ಪತ್ರಿಕೆಯಲ್ಲಿ ಬಂದ ಸುದ್ದಿಯ ತುಣುಕುಗಳು. ಆಮೇಲೆ ಗಣ್ಯರ ಶಿಫಾರಸು ಪತ್ರಗಳು. ಪತ್ರ ಬರೆಯುವುದು ನಾನು, ಗಣ್ಯರು ಓದದೆ ಸಹಿ ಹಾಕುತ್ತಾರೆ. ಎಲ್ಲ ಸರಿಹೋಗಿ ಬಿರುದು ಬಂತು ಅನ್ನಿ, ಆಗ ಬಿನ್ನವತ್ತಳೆ ಬರೆಯಬೇಕು, ಅಂದರೆ ವೇದಿಕೆಯ ಮೇಲೆ ಗಟ್ಟಿಯಾಗಿ ಓದಿ ಕಟ್ಟು ಹಾಕಿಸಿ ಕೊಡುವ ಹೊಗಳಿಕೆಯ ಪತ್ರ. ಅದನ್ನು ಬಿರುದು ಕೊಡುವವರು ಬರೆಯುತ್ತಾರೆಂದು ಜನ ನಂಬಿದ್ದಾರೆ. ಬಿರುದು ತಗೊಳ್ಳುವವನೇ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಹೇಳುತ್ತಾನೆ. “ಸರಳ ಸಜ್ಜನಿಕೆಯ ಅಂತ ಹಾಕಮ್ಮ. ಪ್ರಚಾರದಿಂದ ದೂರ ಇರೋವ್ರು ಅನ್ನೋದನ್ನ ದಪ್ಪ ಅಕ್ಷರದಲ್ಲಿ ಮಾಡು.” ಇದೆಲ್ಲ ನೋಡಿ ನನಗೆ ನಗು ಬರುತ್ತದೆಯೇ ಹೊರತು ಸಿಟ್ಟು ಬರುವುದಿಲ್ಲ. ಸಿಟ್ಟು ಬಂದದ್ದು ಒಬ್ಬರ ಮೇಲೆ ಮಾತ್ರ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಅಂಗಡಿಗೆ ಬಂದರು. ಕೆ.ಆರ್. ನಗರದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ನಾನು ನೋಡಿದೊಡನೆ ಗುರುತು ಹಿಡಿದೆ. ಅವರು ನನ್ನ ಗುರುತು ಹಿಡಿಯಲಿಲ್ಲ. ಇಪ್ಪತ್ತೈದು ವರ್ಷ ಕಳೆದಿತ್ತು, ನನಗೆ ಕನ್ನಡಕ ಬಂದಿತ್ತು, ಮೈ ಬಂದಿತ್ತು. ಅವರು ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ಟರು. ಒಂದು ಪ್ರತಿಷ್ಠಾನದವರು ಅವರಿಗೆ ಬಿರುದು ಕೊಡಲು ಮನಸ್ಸು ಮಾಡಿದ್ದಾರೆ, ಕಡತ ಗಟ್ಟಿಯಾಗಿರಬೇಕು ಎಂದರು. ಕೊನೆಗೆ ಒಂದು ಹಳೇ ನೋಟ್‌ಬುಕ್ ತೆಗೆದು, “ಇದು ನನ್ನ ಮೂಲ ಹಸ್ತಪ್ರತಿ ಕಣಮ್ಮ. ಜೋಪಾನವಾಗಿ ಸ್ಕ್ಯಾನ್ ಮಾಡು,” ಎಂದರು.

ಬಿಚ್ಚಿ ನೋಡಿದೆ. ಅಕ್ಷರ ನನ್ನದು. ‘ಳ’ದ ಬಾಲವನ್ನು ಹಾಗೆ ಒಳಕ್ಕೆ ಸುತ್ತುವುದು ನಾನೊಬ್ಬಳೇ, ಅದಕ್ಕಾಗಿ ಶಾಲೆಯಲ್ಲಿ ಬೈಸಿಕೊಂಡವಳು. ಮೂರನೇ ಹಾಳೆಯ ಅಂಚಿನಲ್ಲಿ ಕಪ್ಪಗೆ ಒಂದು ಹೆಬ್ಬೆಟ್ಟಿನ ಗುರುತು ಇತ್ತು. ಹಸಿ ತಂಬಾಕಿನ ಅಂಟು ಕೈಗೆ ಹತ್ತಿದರೆ ಸೋಪಿಗೂ ಹೋಗುವುದಿಲ್ಲ, ಕಾಗದಕ್ಕೆ ಹತ್ತಿದರೆ ಕಾಗದ ಇರುವತನಕ ಇರುತ್ತದೆ. ಆ ಹೆಬ್ಬೆಟ್ಟು ನನ್ನ ಅವ್ವನದು.

ನಮ್ಮ ಊರು ಗಾವಡಗೆರೆಯ ಮಗ್ಗುಲಿನ ಒಂದು ಹಳ್ಳಿ. ಅವ್ವ ಕೂಲಿಗೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ತಂಬಾಕು ಎಲೆ ಮುರಿದು ತಂದು ಹಾಕಿದರೆ ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ಕಟ್ಟುತ್ತಾರೆ, ಆಮೇಲೆ ಅದನ್ನು ಬ್ಯಾರನ್‌ಗೆ, ಅಂದರೆ ಎಲೆ ಒಣಗಿಸುವ ಮನೆಗೆ, ಏರಿಸಿ ಕೆಳಗಿನಿಂದ ಬೆಂಕಿ ಕೊಡುತ್ತಾರೆ. ಕಟ್ಟುವಾಗ ಅವ್ವ ಹಾಡುತ್ತಿದ್ದಳು. ಅವಳ ದನಿ ಕೇಳಿ ಪಕ್ಕದ ಊರಿನವರು ಮದುವೆಗೆ ಕರೆಯುತ್ತಿದ್ದರು. ಹಸೆಗೆ ಕೂರಿಸುವಾಗ ಸೋಬಾನೆ, ಬೀಗರ ಔತಣದಲ್ಲಿ ಬೀಗರನ್ನು ಹಂಗಿಸುವ ಹಾಡು, ಎಲ್ಲಕ್ಕೂ ಅವಳೇ ಮುಂದು. ಮೇಷ್ಟ್ರು ಅದನ್ನು ಯಾವುದೋ ಮದುವೆಯಲ್ಲಿ ಕೇಳಿದ್ದರಂತೆ. ಒಂದು ಭಾನುವಾರ ಕಪ್ಪು ಟೇಪ್ ರೆಕಾರ್ಡರ್ ಹಿಡಿದು ನಮ್ಮ ಮನೆಗೇ ಬಂದರು.

ನಾನಾಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಅವ್ವ ಹಾಡುವುದು, ಅವರು ಟೇಪಿನಲ್ಲಿ ಹಿಡಿಯುವುದು, ನಾನು ಕೇಳಿಸಿಕೊಂಡು ನೋಟ್‌ಬುಕ್ಕಿಗೆ ಇಳಿಸುವುದು. ನನ್ನ ಅಕ್ಷರ ದುಂಡಗಿದೆ ಎಂದು ಅವರೇ ಹೊಗಳಿ ಆ ಕೆಲಸ ಕೊಟ್ಟರು. ನನಗೋ ಹಿಗ್ಗು. ಹೆಚ್ಚುಕಮ್ಮಿ ಒಂದು ವರ್ಷ ಪ್ರತಿ ಭಾನುವಾರ ಬಂದರು. ಮೊದಲನೇ ದಿನವೇ ಅವ್ವ ಅವರಿಗೆ ನಮ್ಮ ಕಡೆ ಹಾಡು ಹೇಳಿಕೊಡುವ ಪದ್ಧತಿ ಹೇಳಿದ್ದಳು.

“ನೋಡಿ ಮೇಷ್ಟ್ರೇ, ಆಡು ಕಲ್ಯೋರು ಮದ್ಲು ಯೋಳ್ಕೊಡೋಳ್ಗೆ ವೀಳ್ಯ ಕೊಡ್ಬೇಕು. ಎರಡೆಲೆ, ಒಂದಡ್ಕೆ. ಅದಿಲ್ದೆ ತಗಂಡೋದ ಆಡು ನಿಮ್ಮದಾಗಾಕಿಲ್ಲ. ಬೀಗ್ರಾಡ್ಗೂ ಅಂಗೇಯ. ಅಂಗಿಸ್ಕಂಡೋನು ಆಡ್ನಲ್ಲೇ ಜವಾಬು ಕೊಡ್ಬೇಕು. ಬರ್ಲಿಲ್ಲ ಅಂದ್ರೆ ವೀಳ್ಯ ಇಕ್ಕಿ ಸೋತೆ ಅನ್ಬೇಕು. ನಾವು ವೀಳ್ಯ ಈಸ್ಕಳಗಂಟ ಆಡು ನಿಲ್ಸಂಗಿಲ್ಲ.”

ಮೇಷ್ಟ್ರು ಬಹಳ ಖುಷಿಯಾಗಿ, “ಇದನ್ನೂ ಬರ್ಕೊಳಮ್ಮ,” ಎಂದು ನನಗೆ ಹೇಳಿದರು. ನಾನು ಬರೆದುಕೊಂಡೆ. ವೀಳ್ಯ ಮಾತ್ರ ಆ ದಿನವೂ ಕೊಡಲಿಲ್ಲ, ಆಮೇಲೂ ಕೊಡಲಿಲ್ಲ. ಪುಸ್ತಕ ಬಂದಾಗ ನಿಮ್ಮ ಹೆಸರು ಇರುತ್ತೆ ಎಂದು ಹೇಳಿ, ನೋಟ್‌ಬುಕ್ ಹಿಡಿದುಕೊಂಡು ಹೋದವರು ತಿರುಗಿ ಬರಲಿಲ್ಲ.

ಪುಸ್ತಕ ಬಂತು. ಹುಣಸೂರಿನ ಲೈಬ್ರರಿಯಲ್ಲಿ ನಾನೇ ನೋಡಿದೆ. ರಟ್ಟಿನ ಮೇಲೆ ಅವರ ಹೆಸರು. ಒಳಗೆ ಮುನ್ನುಡಿಯಲ್ಲಿ ‘ಗಾವಡಗೆರೆ ಕಡೆಯ ಒಬ್ಬ ಕೂಲಿ ಹೆಂಗಸು’ ಎಂದು ಒಂದು ಕಡೆ. ಎರಡನೇ ಮುದ್ರಣದಲ್ಲಿ ಅದೂ ಇರಲಿಲ್ಲ. ಪದ್ಧತಿಗಳ ಅಧ್ಯಾಯದಲ್ಲಿ ವೀಳ್ಯದ ವಿಷಯ ನಾನು ಬರೆದ ಹಾಗೆಯೇ ಅಚ್ಚಾಗಿತ್ತು.

ಹೆಸರು ಬರಲಿಲ್ಲ ಎಂದು ಅವ್ವ ಕೊರಗಲಿಲ್ಲ. ಅವಳಿಗೆ ಓದಲು ಬರುವುದಿಲ್ಲ. ಅವಳಿಗೆ ಪೆಟ್ಟಾದದ್ದು ಪಿರಿಯಾಪಟ್ಟಣದ ಹತ್ತಿರ ಒಂದು ಮದುವೆಯಲ್ಲಿ. ಅವಳು ಹಸೆಯ ಹಾಡು ಶುರುಮಾಡಿದಾಗ ಗಂಡಿನ ಕಡೆಯ ಒಬ್ಬ ಓದಿದ ಹುಡುಗಿ ಪುಸ್ತಕ ಬಿಚ್ಚಿಕೊಂಡು ಬಂದು, “ಅಜ್ಜಿ, ಅದು ಹಂಗಲ್ಲ. ಮೇಷ್ಟ್ರು ಬರ್ದಿರೋದು ಬೇರೆ ಥರ ಇದೆ,” ಎಂದು ತಿದ್ದಿದಳು. ಜೊತೆಯಲ್ಲಿದ್ದವರು, “ಓ, ಮೇಷ್ಟ್ರ ಆಡಾ ನೀನು ಯೋಳ್ತಿರೋದು,” ಎಂದರು. ಅವ್ವ ಅಲ್ಲಿಗೇ ನಿಲ್ಲಿಸಿದಳು. ಊಟವನ್ನೂ ಮಾಡದೆ ಬಸ್ಸು ಹತ್ತಿ ಬಂದಳು. ಅವತ್ತಿನಿಂದ ಅವಳು ಮದುವೆಯಲ್ಲಿ ಹಾಡಲಿಲ್ಲ, ತಂಬಾಕು ಕಟ್ಟುವಾಗಲೂ ಹಾಡಲಿಲ್ಲ. ತನ್ನ ಬಾಯಲ್ಲಿದ್ದದ್ದೇ ತನ್ನದಲ್ಲ ಎಂದಾದ ಮೇಲೆ ಅವಳಾದರೂ ಏನು ಮಾಡಿಯಾಳು. ಅದಕ್ಕೆ ಕೈ ಹಾಕಿ ಬರೆದುಕೊಟ್ಟವಳು ನಾನು. ಆ ಅಕ್ಷರದ ಮೇಲೆ ನನಗೆ ಇವತ್ತಿಗೂ ಅಸಹ್ಯವಿದೆ.

ಅಂಗಡಿಯಲ್ಲಿ ಆ ದಿನ ಇದೆಲ್ಲ ನೆನಪಿಗೆ ಬಂತು. ಆದರೂ ಒಂದು ಅವಕಾಶ ಕೊಟ್ಟೆ. ದೇವರಾಣೆಗೂ ಕೊಟ್ಟೆ.

“ಸಾರ್, ಹಾಡಿದವರ ಹೆಸರು ಒಂದು ಕಡೆ ಹಾಕೋಣವಾ?” ಎಂದು ಕೇಳಿದೆ.

“ಯಾರೋ ಕೂಲಿಯವಳು ಕಣಮ್ಮ. ಹೆಸರು ಯಾರಿಗೆ ಗೊತ್ತು? ಈಗ ಇದ್ದಾಳೋ ಇಲ್ವೋ,” ಎಂದರು.

ಬಿರುದು ಬಂದೇ ಬರುತ್ತದೆಂದು ಅವರು ಮೊದಲೇ ಮಾಡಿಸಿದ ಬಿನ್ನವತ್ತಳೆಯ ಕರಡಿನಲ್ಲಿ ನಾನು ಸುಮ್ಮನೆ ಒಂದು ಸಾಲು ಸೇರಿಸಿದ್ದೆ, ಹಾಡಿದವರಿಗೆ ಶ್ರೀಯುತರು ಋಣಿಯಾಗಿದ್ದಾರೆ ಎಂದು. ಅವರು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ, “ಇದೆಲ್ಲ ಬೇಡ, ಜಾಗ ಸಾಲಲ್ಲ,” ಎಂದರು. ಆ ಜಾಗದಲ್ಲಿ ‘ನಿಸ್ವಾರ್ಥ’ ಎಂಬ ಮಾತನ್ನು ಎರಡನೇ ಸಲ ಹಾಕಿಸಿದರು.

ಅವರ ಕಡತವನ್ನು ಕೆಡಿಸಬಹುದಿತ್ತು. ಹುಟ್ಟಿದ ತಾರೀಕು ತಪ್ಪು ಹಾಕಿದ್ದರೆ ಸಾಕಿತ್ತು, ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಅವರಿಗೆ ಬಿರುದು ಬರಲೇಬೇಕೆಂದು ನನಗೆ ಹಟ ಹುಟ್ಟಿತು. ನೆಲದ ಮೇಲೆ ಕೂತವನನ್ನು ಬೀಳಿಸಿ ಏನು ಸುಖ? ಇಷ್ಟು ವರ್ಷದಲ್ಲಿ ಯಾರಿಗೂ ಮಾಡದಷ್ಟು ಚೆನ್ನಾಗಿ ಆ ಕಡತ ಮಾಡಿದೆ. ಹೊಗಳಿಕೆಗೆ ಹೊಗಳಿಕೆ ಪೋಣಿಸಿದೆ. ಬಿರುದು ಯಾವುದಿರಲಿ ಎಂದು ಅವರು ಮೂರು ಹೆಸರು ಬರೆದು ತಂದಿದ್ದರು. ಮೂರೂ ಸಪ್ಪೆ ಎಂದು ಹೇಳಿ, ‘ಸೋಬಾನೆ ಸಾರ್ವಭೌಮ’ ಎಂದು ಸೂಚಿಸಿದವಳು ನಾನೇ. ಜೀವಮಾನದಲ್ಲಿ ಒಂದು ಸೊಲ್ಲು ಹಾಡದ ಮನುಷ್ಯ ಅದನ್ನು ಎರಡು ಸಲ ಬಾಯಲ್ಲಿ ಆಡಿ ನೋಡಿ, “ಫ್ಲೆಕ್ಸಲ್ಲಿ ಚೆನ್ನಾಗಿ ಕೂರುತ್ತೆ ಅಲ್ವಾ,” ಎಂದರು.

ನೋಟ್‌ಬುಕ್ಕನ್ನು ಅವರಿಗೆ ಹಿಂದಿರುಗಿಸಲಿಲ್ಲ. ಅದೇ ಅಳತೆಯ ಇನ್ನೊಂದು ಹಳೇ ನೋಟ್‌ಬುಕ್ಕಿಗೆ ಕಾಗದ ಸುತ್ತಿ ಕೊಟ್ಟೆ. ಇವತ್ತಿನವರೆಗೂ ಕೇಳಿಕೊಂಡು ಬಂದಿಲ್ಲ, ಅವರು ಬಿಚ್ಚಿಯೇ ನೋಡಿರಲಿಕ್ಕಿಲ್ಲ.

ಬಿರುದು ಖಾತ್ರಿಯಾಯಿತು. ಸಮಾರಂಭ ಹುಣಸೂರಿನದೇ ಒಂದು ಕಲ್ಯಾಣ ಮಂಟಪದಲ್ಲಿ ಎಂದು ನಿಗದಿಯಾಯಿತು. ಆಹ್ವಾನ ಪತ್ರಿಕೆಯ ಕರಡು ತಿದ್ದಲು ಬಂದಾಗ ನಾನು ಮೆಲ್ಲಗೆ ಹೇಳಿದೆ, “ಸಾರ್, ಪೇಟ ಇಟ್ಟ ಮೇಲೆ ಹಳ್ಳಿ ಹೆಂಗಸರಿಂದ ನಿಮ್ಮ ಹಾಡನ್ನೇ ಹಾಡಿಸಿದರೆ ಕಳೆ ಕಟ್ಟುತ್ತೆ. ನನಗೆ ಗೊತ್ತಿರೋ ನಾಲ್ಕು ಜನ ಇದ್ದಾರೆ.” ಅವರು ಒಪ್ಪಿದರು. ಪತ್ರಿಕೆಯಲ್ಲಿ ಅದನ್ನು ‘ಗ್ರಾಮೀಣ ಮಹಿಳೆಯರಿಂದ ಸೋಬಾನೆ’ ಎಂದು ಸಣ್ಣಕ್ಷರದಲ್ಲಿ ಹಾಕಿಸಿದರು.

ಅವ್ವನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಊರಿಗೆ ಹೋದಾಗ ಅವಳು ಜಗಲಿಯ ಮೇಲೆ ಹುರುಳಿ ಹಸನು ಮಾಡುತ್ತಿದ್ದಳು. ವಿಷಯ ಹೇಳಿದೆ. ತಲೆ ಎತ್ತಲಿಲ್ಲ.

“ಬುಡವ್ವ ಅತ್ಲಾಗೆ. ಕೊಟ್ಕಳ್ಳಿ, ತಗಳ್ಳಿ. ನಂಗ್ಯಾಕೆ?”

ನಾನು ನೋಟ್‌ಬುಕ್ ತೆಗೆದು ಮೂರನೇ ಹಾಳೆ ಬಿಚ್ಚಿ ಅವಳ ಮೊರದ ಮೇಲೆ ಇಟ್ಟೆ. ಅಕ್ಷರ ಅವಳಿಗೆ ತಿಳಿಯುವುದಿಲ್ಲ. ಕಪ್ಪು ಗುರುತಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟು ನೋಡಿದಳು. ವಯಸ್ಸಾಗಿ ಬೆರಳು ಸೊರಗಿತ್ತು, ಗುರುತೇ ದೊಡ್ಡದಾಗಿ ಕಂಡಿತು.

“ಇದು ನನ್ ಎಬ್ಬೆಟ್ಟು ಕಣೆ,” ಎಂದಳು.

“ಇದನ್ನ ಅವರದೇ ಕೈಬರಹ ಅಂತ ಕೊಟ್ಟವ್ರೆ ಅವ್ವ.”

ಹಾಳೆಯ ಮೇಲೆ ಬಿದ್ದಿದ್ದ ಹುರುಳಿಯನ್ನು ಕೊಡವಿ ನೋಟ್‌ಬುಕ್ ಮುಚ್ಚಿದಳು. ಆಮೇಲೆ, “ಅವತ್ತು ಅವ್ನು ವೀಳ್ಯ ಕೊಟ್ಟಿದ್ನಾ?” ಎಂದು ಕೇಳಿದಳು. ಕೊಟ್ಟಿರಲಿಲ್ಲ ಎನ್ನುವುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. “ಕುರ್ಚಿ ಮ್ಯಾಲೆ ಕೂರುಸ್ತಾರಾ?” ಎಂದಳು. ಕೂರಿಸುತ್ತಾರೆ, ಮದುವೆ ಗಂಡಿಗೆ ಹಾಕುವ ಕೆಂಪು ಕುರ್ಚಿಯಲ್ಲೇ ಕೂರಿಸುತ್ತಾರೆ ಎಂದೆ. “ಅಂಗಾರೆ ಬತ್ತೀನಿ,” ಎಂದಳು. ಯಾವ ಹಾಡು ಎಂದು ನನಗೆ ಹೇಳಲಿಲ್ಲ. ತನ್ನ ಜೊತೆಯವರನ್ನು ಮೂರು ಜನ ಕೂಡಿಸಿಕೊಂಡು ಒಂದು ವಾರ ಹಿತ್ತಿಲಲ್ಲಿ ಗುಸುಗುಸು ನಡೆಸಿದಳು.

ಸಮಾರಂಭದ ದಿನ ಮಂಟಪ ತುಂಬಿತ್ತು. ಮಿರ್ಲೆ ಕಡೆಯಿಂದ ಮೇಷ್ಟ್ರ ನೆಂಟರು ಎರಡು ವ್ಯಾನಿನಲ್ಲಿ ಬಂದಿದ್ದರು. ನಮ್ಮ ಊರಿನವರನ್ನು ನಾನು ಕರೆಸಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ, ಎಲ್ಲ ಆಯಿತು. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ನಿರೂಪಕ ನಾನು ಬರೆದ ಬಿನ್ನವತ್ತಳೆಯನ್ನು ಓದಿದ. ನಿಸ್ವಾರ್ಥ ಎಂಬ ಮಾತು ಎರಡು ಸಲ ಬಂತು. ಕಟ್ಟು ಹಾಕಿಸಿದ ಪತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಸೋಬಾನೆ ಸಾರ್ವಭೌಮರು ಕೆಂಪು ಕುರ್ಚಿಯಲ್ಲಿ ಕೂತರು. ಆಗ ಅವ್ವ ಮತ್ತು ಆ ಮೂವರು ವೇದಿಕೆ ಹತ್ತಿದರು.

ಮೊದಲ ಎರಡು ಸೊಲ್ಲು ಹಸೆಯ ಹಾಡೇ. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ಅಷ್ಟು ವರ್ಷ ಸುಮ್ಮನಿದ್ದ ದನಿ ಮೊದಲು ಒಡೆಯಿತು, ಆಮೇಲೆ ಸರಿಹೋಯಿತು. ಮೂರನೇ ಸೊಲ್ಲಿಗೆ ಅವ್ವ ಧಾಟಿ ತಿರುಗಿಸಿದಳು. ಸಭೆಯಲ್ಲಿದ್ದ ಹೆಂಗಸರಿಗೆ ತಕ್ಷಣ ಗೊತ್ತಾಯಿತು. ಅದು ಬೀಗರನ್ನು ಹಂಗಿಸುವ ಧಾಟಿ.

“ಕೆಂಪು ಕುರ್ಚೀಲಿ ಕುಂತವ್ನೆ ನಮ್ಮ ಬೀಗ
ಹುಬ್ಬಿನ ಗಂಟ ಪೇಟ ಇಟ್ಕಂಡು
ಉಂಡ ಮನೆ ಗಂಗಳವ ಕಂಕುಳಲ್ಲಿ ಇಟ್ಕಂಡು
ನಂದೇ ಅಂತಾನೆ ನಮ್ಮ ಬೀಗ”

ಉಂಡ ತಟ್ಟೆಯನ್ನೇ ಹೊತ್ತ ಬೀಗನೆಂದು ಜನ ನಕ್ಕರು. ಮೇಷ್ಟ್ರೂ ನಕ್ಕರು. ಹಂಗಿಸಿಕೊಂಡವನು ನಗಬೇಕು, ಎದ್ದು ಹೋಗಬಾರದು, ಅದೂ ಪದ್ಧತಿಯೇ.

“ಭಾನ್ವಾರ ಬಂದಿದ್ದ ಕರಿ ಡಬ್ಬಿ ತಂದಿದ್ದ
ಹಾಡೆಲ್ಲ ತುಂಬ್ಕಂಡ ನಮ್ಮ ಬೀಗ
ಹಾಡೆಲ್ಲ ತುಂಬ್ಕಂಡು ಹಾಡ್ದೋಳ ಹೆಸರನ್ನ
ದಾರೀಲಿ ಚೆಲ್ಕಂಡ ನಮ್ಮ ಬೀಗ”

ಆಗ ಅವರು ನಗುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದರು. ಆ ನೋಟ ಕಾಣಲು ನಾನು ಮೂರು ತಿಂಗಳು ಕೆಲಸ ಮಾಡಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದೆ, ಒಂದು ಚೂರೂ ತಪ್ಪಿಸಿಕೊಳ್ಳಲಿಲ್ಲ.

“ದೊಡ್ಡ ಬಿರುದು ತಗಂಡ ದೊರೆಯಂಥ ಬೀಗನೆ
ಒಂದು ಸೊಲ್ಲ ಹೇಳಯ್ಯ ನಮ್ಮ ಮುಂದೆ
ಒಂದು ಸೊಲ್ಲ ಬರದಿದ್ರೆ ನಾಚ್ಕೇನ ಮಡಚಿಟ್ಟು
ವೀಳ್ಯ ಇಕ್ಕಯ್ಯ ನಮ್ಮ ಮುಂದೆ”

ಹಾಡಿ ನಾಲ್ವರೂ ಕಾದು ನಿಂತರು. ಮಂಟಪದಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಈಗ ಅವರು ಹಾಡಿನಲ್ಲಿ ಉತ್ತರ ಕೊಡಬೇಕೆಂದು ಗೊತ್ತಿತ್ತು. ಆ ಪದ್ಧತಿಯನ್ನು ಅಚ್ಚು ಹಾಕಿಸಿದವರೇ ಅವರು. ಮೇಷ್ಟ್ರು ಬಾಯಿ ತೆರೆದರು, ಕೆಮ್ಮಿದರು, ಮತ್ತೆ ಮುಚ್ಚಿದರು. ನಿರೂಪಕ ಮೈಕು ಹಿಡಿದು, “ತುಂಬಾ ಸೊಗಸಾಗಿತ್ತು, ಈಗ ವಂದನಾರ್ಪಣೆ,” ಎಂದ. ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತು, “ಅದೆಂಗಾದದು? ಜವಾಬು ಬರ್ಲಿಲ್ವಲ್ಲ. ವೀಳ್ಯ ಇಕ್ಸಿ ಮದ್ಲು,” ಎಂದಳು. ಅವಳು ಮೇಷ್ಟ್ರ ನೆಂಟರ ವ್ಯಾನಿನಲ್ಲೇ ಬಂದವಳು, ಮಿರ್ಲೆಯವಳು.

ಬೇರೆ ದಾರಿ ಇರಲಿಲ್ಲ. ಸನ್ಮಾನಕ್ಕೆ ಕೊಟ್ಟ ಹಣ್ಣಿನ ಬುಟ್ಟಿಯಲ್ಲಿದ್ದ ಎಲೆ ಅಡಿಕೆಯನ್ನೇ ತಟ್ಟೆಗೆ ಹಾಕಿಕೊಂಡು ಮೇಷ್ಟ್ರು ಎದ್ದು ಬಂದರು. ಇಪ್ಪತ್ತೈದು ವರ್ಷ ತಡವಾಗಿ ಬಂದ ವೀಳ್ಯ. ಅವ್ವ ಕೈ ಚಾಚಲಿಲ್ಲ. ಸೆರಗನ್ನು ಭುಜದ ಮೇಲೆ ಹೊದ್ದು ಹಾಗೇ ನಿಂತಳು. ಮೇಷ್ಟ್ರು ತಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಹಿಡಿದರು.

“ತಗೊಳಮ್ಮ,” ಎಂದರು.

“ಯಾರ್ಗೆ ಕೊಡ್ತಿದ್ದೀರಿ ಅಂತ ಯೋಳಿ ಕೊಡಿ ಮೇಷ್ಟ್ರೇ,” ಎಂದಳು ಅವ್ವ. ಮೈಕು ಹತ್ತಿರದಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು.

ಅವರಿಗೆ ಗೊತ್ತಿರಲಿಲ್ಲ. ಒಂದು ವರ್ಷ ಪ್ರತಿ ಭಾನುವಾರ ನಮ್ಮ ಮನೆಯ ರೊಟ್ಟಿ ತಿಂದು, ಅವ್ವನ ಎದುರು ಕೂತ ಮನುಷ್ಯನಿಗೆ ಅವಳ ಹೆಸರು ಗೊತ್ತಿರಲಿಲ್ಲ. ಮರೆತಿದ್ದರೋ, ಎಂದೂ ಕೇಳಿರಲೇ ಇಲ್ಲವೋ. ಕೊನೆಗೆ ತಗ್ಗಿದ ದನಿಯಲ್ಲಿ, “ನಿಮ್ಮ ಹೆಸರೇನಮ್ಮ?” ಎಂದು ಕೇಳಿದರು.

“ನಿಮ್ ಬುಕ್ನಲ್ಲಿ ನೋಡ್ಕಳಿ,” ಎಂದಳು ಅವ್ವ.

ಯಾರೂ ನಗಲಿಲ್ಲ. ಮೇಷ್ಟ್ರು ಸಹಾಯಕ್ಕೆ ಯಾರಾದರೂ ಸಿಗುತ್ತಾರೇನೋ ಎಂದು ಸಭೆಯ ಕಡೆ ತಿರುಗಿದರು, ಮುಂದಿನ ಸಾಲಿನಲ್ಲಿ ನಾನು ಅವರ ಕಣ್ಣಿಗೆ ಬಿದ್ದೆ. ಆಗ ನನ್ನನ್ನು ಗುರುತು ಹಿಡಿದರು. ಅಂಗಡಿಯವಳೆಂದಲ್ಲ, ನೋಟ್‌ಬುಕ್ಕಿನವಳೆಂದು. “ನೀನಾದ್ರೂ ಮೊದಲೇ ಹೇಳಬಾರದಿತ್ತಾ ಅಮ್ಮ,” ಎಂದರು.

“ಜಾಗ ಸಾಲಲಿಲ್ಲ ಸಾರ್,” ಎಂದೆ.

ಅವ್ವ ವೀಳ್ಯ ಮುಟ್ಟದೆ ವೇದಿಕೆ ಇಳಿದಳು. ಆ ಮೂವರೂ ಇಳಿದರು. ತಟ್ಟೆ ಮೇಷ್ಟ್ರ ಕೈಯಲ್ಲೇ ಉಳಿಯಿತು.

ಬಿರುದನ್ನು ಯಾರೂ ವಾಪಸ್ಸು ತಗೊಳ್ಳಲಿಲ್ಲ, ಅಂಥ ಪದ್ಧತಿ ಇಲ್ಲ. ಈಗಲೂ ಅವರ ಮನೆಯ ಗೇಟಿನ ಮೇಲೆ ಸೋಬಾನೆ ಸಾರ್ವಭೌಮ ಎಂದು ಬೋರ್ಡು ಇದೆ, ಡಿಸೈನು ನನ್ನದೇ. ಆದರೆ ವೀಳ್ಯ ಈಸಿಕೊಳ್ಳದ ಹಾಡು ಮುಗಿದ ಹಾಡಲ್ಲ. ಅದನ್ನು ಹೆಂಗಸರು ಎಲ್ಲಿ ಬೇಕಾದರೂ ಮುಂದುವರಿಸಬಹುದು. ಗಾವಡಗೆರೆಯಿಂದ ಮಿರ್ಲೆಯವರೆಗೆ ಬೀಗರ ಔತಣಗಳಲ್ಲಿ ಕೆಂಪು ಕುರ್ಚಿಯ ಬೀಗನ ಹಾಡು ನಡೆಯುತ್ತಿದೆ, ಒಂದೊಂದು ಊರಿನವರು ಒಂದೊಂದು ಸೊಲ್ಲು ಸೇರಿಸುತ್ತಿದ್ದಾರೆ. ಇದು ಯಾರ ಹಾಡೆಂದು ಕೇಳಿದರೆ ಅವ್ವನ ಕಡೆ ಕೈ ತೋರಿಸುತ್ತಾರೆ. ಅವ್ವ ಮತ್ತೆ ಮದುವೆಗಳಿಗೆ ಹೋಗುತ್ತಾಳೆ, ತಂಬಾಕು ಕಟ್ಟುವಾಗಲೂ ಹಾಡುತ್ತಾಳೆ. ಮೇಷ್ಟ್ರು ತಮ್ಮ ನೆಂಟರ ಮದುವೆಗೂ ಹೋಗುವುದನ್ನು ಬಿಟ್ಟಿದ್ದಾರಂತೆ. ಎರಡು ಸಲ ಬೇರೆಯವರ ಕೈಯಲ್ಲಿ ವೀಳ್ಯ ಕಳಿಸಿದರು. ಅವ್ವ ಎರಡು ಸಲವೂ ಎಲೆ ಒಣಗುವ ಮೊದಲು ವಾಪಸ್ಸು ಕಳಿಸಿದಳು.

ವಯಸ್ಸಾದವರು, ಇಷ್ಟು ಮಾಡಬಾರದಿತ್ತು ಎಂದು ನನಗೆ ಹೇಳಿದವರಿದ್ದಾರೆ. ನನಗೆ ಕನಿಕರ ಬರಲಿಲ್ಲ, ಬರುವ ಲಕ್ಷಣವೂ ಇಲ್ಲ. ಇಷ್ಟೆಲ್ಲ ಬರೆದು ಅವ್ವನ ಹೆಸರನ್ನು ನೀನೂ ಹಾಕಲಿಲ್ಲವಲ್ಲ ಎಂದು ಕೇಳುವವರೂ ಇರಬಹುದು. ಬೇಕೆಂದೇ ಹಾಕಿಲ್ಲ. ಬೇಕಾದವರು ಎರಡೆಲೆ, ಒಂದಡಿಕೆ ಹಿಡಿದು ನಮ್ಮ ಊರಿಗೆ ಬಂದು, ಅವಳ ಎದುರು ಕೂತು ಕೇಳಲಿ.